ಹುಣಸೆಹಣ್ಣಿನಲ್ಲಿ ತೊಳೆದ ಕತ್ತಿ

ಲಂಡನ್ನಿನ ಎಜ್‌ವೇರ್‌ನ ನಮ್ಮ ಮನೆಯಲ್ಲಿ ಆಯುಧಪೂಜೆಗೆ ನಿಜವಾದ ಆಯುಧವೇ ಇತ್ತು. ಬೇರೆಯವರು ಕಾರಿಗೆ, ಲ್ಯಾಪ್‌ಟಾಪ್‌ಗೆ ಕುಂಕುಮ ಹಚ್ಚಿದರೆ ನಾವು ಜಪಾನಿ ಕತ್ತಿಗೆ ಹಚ್ಚಿ ಬೀಗುತ್ತಿದ್ದೆವು. ಬರ್ಮಾದಲ್ಲಿ ಯುದ್ಧ ಮುಗಿದಾಗ ಶರಣಾದ ಜಪಾನಿ ಅಧಿಕಾರಿಯೊಬ್ಬ ಅದನ್ನು ಎರಡೂ ಕೈಯಲ್ಲಿ ಹಿಡಿದು, ಬ್ರಿಟಿಷರ ಸೈನ್ಯದಲ್ಲಿದ್ದ ತಾತನಿಗೆ ಒಪ್ಪಿಸಿದ್ದನಂತೆ. ತಾತನಿಂದ ಅಪ್ಪನಿಗೆ ಬಂತು, ಅಪ್ಪನ ಜೊತೆ ಮೈಸೂರಿನಿಂದ ಲಂಡನ್ನಿಗೂ ಬಂತು.

ಕಳೆದ ವರ್ಷ ಅಪ್ಪನಿಗೆ ಹೃದಯದ ಆಪರೇಷನ್ ಆಯಿತು. ಆಸ್ಪತ್ರೆಯಿಂದ ಬಂದವರೇ ಒಂದೇ ಹಟ ಹಿಡಿದರು.

“ಆ ಕತ್ತಿ ನಮ್ಮದಲ್ಲ ಕಣಮ್ಮ. ನಾನಿರೋವಾಗ್ಲೇ ಆ ಅಧಿಕಾರಿ ಮನೆಯವರಿಗೆ ತಲುಪಿಸಿಬಿಡು.”

ಯಾರ ಮನೆ, ಯಾವ ಊರು ಎಂದು ಹುಡುಕಲಿ? ನನಗೆ ರೇಗಿತು. ಆದರೂ ಹುಡುಕಿದೆ. ಕೊನೆಗೆ ಲಂಡನ್ನಿನ ಇನ್ನೊಂದು ತುದಿಯ ಟೂಟಿಂಗ್ ಕಡೆ ಇಂಥ ಕತ್ತಿಗಳ ಮೂಲ ಹೇಳುವ ಇಂಗ್ಲಿಷ್ ಮುದುಕರೊಬ್ಬರು ಸಿಕ್ಕಿದರು. ಟ್ಯೂಬ್ ರೈಲಿನಲ್ಲಿ ಕತ್ತಿ ಹಿಡಿದು ಕೂತರೆ ಪೊಲೀಸರು ಬಿಟ್ಟಾರೆಯೇ? ಕಂಬಳಿ ಸುತ್ತಿ ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಹೋದೆ.

ಅವರು ಹಿಡಿಯಲ್ಲಿದ್ದ ಬಿದಿರಿನ ಮೊಳೆಯನ್ನು ತಟ್ಟಿ ತೆಗೆದು ಹಿಡಿಯನ್ನೇ ಕಳಚಿದರು. ಒಳಗಿನ ಕಬ್ಬಿಣ ಮದುವೆಮನೆಯ ತಂಬಿಗೆಯಂತೆ ಫಳಫಳ ಹೊಳೆಯುತ್ತಿತ್ತು. ನನಗೆ ಹೆಮ್ಮೆಯಾಯಿತು. ಅವರ ಮುಖ ಇಳಿದುಹೋಯಿತು. ಯಾರು ತೊಳೆದದ್ದು ಎಂದು ಕೇಳಿದರು. ಹಿಡಿಯೊಳಗಿನ ತುಕ್ಕನ್ನು ತಿಳಿದವರು ಮುಟ್ಟುವುದಿಲ್ಲವಂತೆ. ಕತ್ತಿಯ ವಯಸ್ಸು ಹೇಳುವುದೇ ಆ ತುಕ್ಕು. ಯುದ್ಧಕ್ಕೆ ಹೊರಟ ಕೆಲವರು ಅಲ್ಲೇ ಕಪ್ಪು ಬಣ್ಣದಲ್ಲಿ ತಮ್ಮ ಹೆಸರನ್ನೂ ಬರೆಸುತ್ತಿದ್ದರಂತೆ. ಇದರಲ್ಲೂ ಬರೆದಿತ್ತು. ಭೂತಗನ್ನಡಿ ಹಿಡಿದು ತೋರಿಸಿದರು. ಒಂದು ಜಪಾನಿ ಅಕ್ಷರ ಮಸುಕಾಗಿ ಉಳಿದಿತ್ತು, ‘ಯಾಮಾ’, ಬೆಟ್ಟ ಎಂದರ್ಥ. ಅದರ ಕೆಳಗೆ ಬರೀ ಹೊಳಪು. ಬೆಟ್ಟದಿಂದ ಶುರುವಾಗುವ ಮನೆತನದ ಹೆಸರುಗಳು ಜಪಾನಿನಲ್ಲಿ ಲೆಕ್ಕವಿಲ್ಲದಷ್ಟಿವೆ, ಇಷ್ಟರಿಂದ ಯಾರನ್ನೂ ಪತ್ತೆಹಚ್ಚಲಾಗದು ಎಂದು ಹೇಳಿ ಹಿಡಿಯನ್ನು ಮೆಲ್ಲಗೆ ಮತ್ತೆ ಕೂರಿಸಿದರು.

ಕತ್ತಿಯನ್ನು ಮತ್ತೆ ಕಂಬಳಿಯಲ್ಲಿ ಸುತ್ತಿಕೊಂಡು ಮನೆಗೆ ಹೊರಟೆ. ಪ್ರತಿ ವರ್ಷ ಹುಣಸೆಹಣ್ಣು, ಉಪ್ಪು ಹಾಕಿ, ಪಾತ್ರೆ ಉಜ್ಜುವ ಸ್ಟೀಲ್ ನಾರಿನಲ್ಲಿ ಅದನ್ನು ತಿಕ್ಕುತ್ತಿದ್ದವಳು ಅಮ್ಮ. ದೇವರ ಮುಂದೆ ಇಡುವ ವಸ್ತು ಒಳಗೂ ಹೊರಗೂ ಮಡಿಯಾಗಿರದಿದ್ದರೆ ಅವಳಿಗೆ ಸಮಾಧಾನವಿಲ್ಲ. ಹೆಸರು ಬರೆದೇ ಇರಲಿಲ್ಲ ಎಂದು ಅಪ್ಪನಿಗೆ ಹೇಳಿಬಿಡೋಣ ಎಂದುಕೊಂಡೆ.

ಆಗಲಿಲ್ಲ. ಬಾಗಿಲು ತೆಗೆಯುತ್ತಲೇ ಅಪ್ಪ, “ಸಿಕ್ತೇನಮ್ಮ ಹೆಸರು?” ಅಂದರು. ಆ ಮುಖ ನೋಡಿ ಸುಳ್ಳು ಬಾಯಿಗೆ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಪ್ಪ ಕುರ್ಚಿ ಹಿಡಿದು ಕೂತರು.

“ಅವಳನ್ನ ಏನೂ ಅನ್ಬೇಡ,” ಅಂದರು ಆಮೇಲೆ. “ವರ್ಷಾ ವರ್ಷ ಹಿಡಿ ಬಿಚ್ಚಿ ಕೊಡ್ತಿದ್ದೋನು ನಾನೇ ಅಲ್ವಾ.”

ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಒದ್ದೆಯಿಲ್ಲದ ಕೈಗಳನ್ನು ಸೆರಗಿಗೆ ಒರೆಸುತ್ತಲೇ ಇದ್ದಳು.

“ಆ ಕಪ್ಪು ಕಲೆ ಎಷ್ಟು ಉಜ್ಜಿದ್ರೂ ಹೋಗ್ತಾನೇ ಇರ್ಲಿಲ್ಲ ಕಣೇ,” ಅಂದಳು. “ಕೊನೆಗೂ ಹೋದಾಗ ಎಷ್ಟು ಖುಷಿಪಟ್ಟಿದ್ದೆ ಗೊತ್ತಾ?”