ಖಾಸಿಂಬಿಯ ಅರ್ಧ ರೊಟ್ಟಿ

ಖಾಸಿಂಬಿಯನ್ನು ನಾನು ಮೊದಲು ನೋಡಿದ್ದು ನಮ್ಮ ಮೂರನೇ ಮಹಡಿಯ ಅಡುಗೆಮನೆ ಕಿಟಕಿಯಿಂದ. ನೋಡಿದೆ ಅನ್ನುವುದೂ ಪೂರ್ತಿ ನಿಜವಲ್ಲ. ಕಂಡದ್ದು ಬರೀ ಒಂದು ಕಪ್ಪು ಕೊಡೆ. ಮುಲುಂಡಿನ ನಮ್ಮ ಬಿಲ್ಡಿಂಗಿನ ಹಿಂದೆ, ಕಾಂಪೌಂಡ್ ಗೋಡೆಯ ಆಚೆಗೆ, ಸೊಪ್ಪು ಬೆಳೆಯುವ ಒಂದು ತುಂಡು ಹೊಲವಿತ್ತು. ಏಪ್ರಿಲ್ ತಿಂಗಳ ಬಿಸಿಲು. ಪಾಲಕ್ ಮಡಿಗಳ ನಡುವೆ ಆ ಕೊಡೆ ತನ್ನಷ್ಟಕ್ಕೆ ತಾನೇ ಹೊರಟಿತ್ತು. ನಿಲ್ಲುತ್ತಿತ್ತು, ಪಕ್ಕಕ್ಕೆ ಸರಿಯುತ್ತಿತ್ತು, ಮತ್ತೆ ನಿಲ್ಲುತ್ತಿತ್ತು. ಹಿಡಿದ ಕೈ ಮಾತ್ರ ಎಲ್ಲೂ ಇಲ್ಲ! ಒಲೆಯ ಮೇಲೆ ಹಾಲು ಉಕ್ಕಿ ಹರಿದರೂ ನಾನು ಬಾಯಿ ಬಿಟ್ಟುಕೊಂಡು ನೋಡುತ್ತ ನಿಂತಿದ್ದೆ. ಕಡೆಗೆ ಕೊಡೆ ಎದ್ದು ನಿಂತಿತು. ಅದರ ಕೆಳಗೆ ಗಂಡಸರ ತುಂಬುತೋಳಿನ ಶರ್ಟು, ಶರ್ಟಿನ ಕೆಳಗೆ ಎತ್ತಿ ಕಟ್ಟಿದ ಸೀರೆ, ಎರಡರ ಒಳಗೂ ಐವತ್ತು ದಾಟಿದ ಒಬ್ಬ ಗಟ್ಟಿ ಹೆಂಗಸು. ಕೊಡೆಯ ಕೋಲನ್ನು ಬೆನ್ನಿಗೆ ಒರಗಿಸಿ, ಸೊಂಟಕ್ಕೂ ಎದೆಗೂ ಹಗ್ಗ ಸುತ್ತಿ ಬಿಗಿದುಕೊಂಡಿದ್ದಳು. ಕುಡುಗೋಲು ಹಿಡಿಯಲು ಕೈ ಬೇಕಲ್ಲ, ಅದಕ್ಕೆ.

ನಮ್ಮ ಕಾಂಪೌಂಡ್ ಗೋಡೆಯಲ್ಲಿ ಇಟ್ಟಿಗೆ ಬಿದ್ದು ಆದ ಒಂದು ಕಿಂಡಿ ಇತ್ತು. ಸೊಸೈಟಿಯ ಪ್ರತಿ ಮೀಟಿಂಗಿನಲ್ಲೂ ಅದನ್ನು ಮುಚ್ಚಿಸಬೇಕು ಎಂದು ಗಂಡಸರು ಹೇಳುವುದು, ಮುಚ್ಚಿದರೆ ನೋಡಿ ಎಂದು ನಾವು ಹೆಂಗಸರು ಹೇಳುವುದು ನಡೆದೇ ಇತ್ತು. ಮಣ್ಣು ಆರದ ಮೆಂತ್ಯ, ಕೊತ್ತಂಬರಿ, ರಾಜಗಿರಿ ಎಲ್ಲ ಆ ಕಿಂಡಿಯಿಂದಲೇ ನಮ್ಮ ಅಡುಗೆಮನೆಗಳಿಗೆ ಬರುತ್ತಿದ್ದವು. ಮರುದಿನವೇ ನಾನೂ ಕಿಂಡಿಗೆ ಮುಖ ಇಟ್ಟೆ. ಹಿಂದಿಯಲ್ಲಿ ಶುರು ಮಾಡಿದವಳು, ಆಕೆ ಪಕ್ಕದವಳಿಗೆ "ಏ, ಇತ್ತಕಡಿ ಬಾರವಾ" ಅಂದದ್ದು ಕೇಳಿ ಕುಣಿದುಬಿಟ್ಟೆ.

"ಅಯ್ಯೋ, ಕನ್ನಡದವರಾ ನೀವು? ನಾವು ಮೈಸೂರಿನವರು ಕಣಮ್ಮ!"

"ಹೌದಾ? ನಾ ಇಂಡಿ ಕಡೀಯಾಕಿ. ಇನ್ನೊಂದೀಟು ಮಾತಾಡ್ರಿ ಅಕ್ಕಾರ, ಕೇಳ್ತೀನಿ." ನಾನು ಮಾತಾಡಿದೆ. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ನಿಮ್ಮ ಕನ್ನಡ ಭಾಳ ಮೆತ್ತಗದರಿ. ನೆನಸಿಟ್ಟ ಅವಲಕ್ಕಿ ಇದ್ದಂಗ."

"ನಿಮ್ಮದು ಹೇಗೋ?"

"ನಮ್ಮದು ಕಟಕ್ ರೊಟ್ಟಿ. ಹಲ್ಲ ಇದ್ದವರಿಗೆ ಅಷ್ಟ."

ಅಂದಿನಿಂದ ನಮ್ಮ ಸ್ನೇಹ. ಬಾಂದ್ರಾದ ನನ್ನ ಆಫೀಸಿಗೆ ಹೊರಡುವ ಮೊದಲು ಕಿಂಡಿಯ ಹತ್ತಿರ ಒಂದು ಗಳಿಗೆ ನಿಲ್ಲದಿದ್ದರೆ ನನಗೆ ದಿನ ಶುರುವಾದಂತೆಯೇ ಆಗುತ್ತಿರಲಿಲ್ಲ. ನನ್ನ ಮಗಳು ಅನು ಹುಟ್ಟಿ ಬೆಳೆದದ್ದೆಲ್ಲ ಮುಂಬೈಯಲ್ಲೇ. ಕನ್ನಡ ಅರ್ಥವಾಗುತ್ತದೆ, ಆಡಲು ಹೋದರೆ ಎಡವುತ್ತಾಳೆ. ನನ್ನ ಹತ್ತಿರ ಕನ್ನಡದಲ್ಲಿ ಒಂದು ವಾಕ್ಯ ಮುಗಿಸದ ಹುಡುಗಿ, ಖಾಸಿಂಬಿಯ ಹತ್ತಿರ "ಆಂಟಿ, ನಂಗೆ ಪಾಲಕ್ ಬೇಕು ಇದೆ" ಎಂದು ಧೈರ್ಯವಾಗಿ ಹೇಳುತ್ತಿದ್ದಳು. "ತಗೋ ನನ ಬಂಗಾರಾ" ಎಂದು ಆಕೆ ಒಂದು ಕಟ್ಟಿನ ಜೊತೆ ಇನ್ನೊಂದು ಹಿಡಿ ತುರುಕಿ ಕೊಡುವಳು. ನಾನು ಕೇಳಿದರೆ ಮಾತ್ರ ಆ ಹಿಡಿ ಇಲ್ಲ!

ಹೊಲವನ್ನು ಗುತ್ತಿಗೆಗೆ ಮಾಡುತ್ತಿದ್ದವನು ದತ್ತೂ ಸೇಠ್, ಲಾತೂರ್ ಕಡೆಯ ಮರಾಠಿಯವನು. ಕೆಟ್ಟವನೇನಲ್ಲ. ಬೈಯುತ್ತಿರಲಿಲ್ಲ, ಕೂಲಿ ಬಾಕಿ ಇಡುತ್ತಿರಲಿಲ್ಲ. ಆದರೆ ಕೆಲಸ ಮಾಡುವವರಿಗೆ ಮೈ ಅನ್ನುವುದೊಂದು ಇದೆ ಎಂದು ಅವನಿಗೆ ಹೊಳೆದೇ ಇರಲಿಲ್ಲ. ಇಡೀ ಹೊಲದಲ್ಲಿ ಒಂದು ಅಂಗೈಯಗಲ ನೆರಳಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ತಲೆಯ ಮೇಲೆ ಸೂರ್ಯ, ಕೆಳಗೆ ಕಾದ ಮಣ್ಣು. ಒಂದು ಛಪ್ಪರ ಹಾಕಿಸಿಕೊಡು ಎಂದು ಹೆಂಗಸರು ಕೇಳಿ ಕೇಳಿ ಸಾಕಾಗಿದ್ದರು. "ದೇಖೇಂಗೇ", ನೋಡೋಣ ಅನ್ನುವುದೇ ಅವನ ಉತ್ತರ.

ಖಾಸಿಂಬಿ ಕೇಳುವುದನ್ನೇ ನಿಲ್ಲಿಸಿದಳು. ದತ್ತೂ ಸೇಠ್ ದಿನಾ ಮಧ್ಯಾಹ್ನ ಸೊಪ್ಪು ತುಂಬಿಸಲು ಟೆಂಪೋ ತರುತ್ತಿದ್ದ. ಒಂದು ದಿನ ಟೆಂಪೋ ನಿಂತದ್ದೇ ತಡ, ಖಾಸಿಂಬಿ ತನ್ನ ಹೆಂಗಸರನ್ನೆಲ್ಲ ಕರೆದುಕೊಂಡು ಹೋಗಿ ಅದರ ನೆರಳಿನಲ್ಲಿ, ಚಕ್ರಕ್ಕೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತು ಬುತ್ತಿ ಬಿಚ್ಚಿದಳು. ತುಂಬಿಸಿ ಆಯಿತು, ಸೇಠ್ ಹೊರಡಬೇಕು. ಹಾರ್ನ್ ಹೊಡೆದ. ಯಾರೂ ಏಳಲಿಲ್ಲ.

"ಉಣ್ಣಾಕತ್ತೀವಿ ಸೇಠ್. ಉಣ್ಣಾವರನ್ನ ಎಬ್ಬಸಬಾರದು, ಪಾಪ ಬರ್ತದ."

ಮರುದಿನ ಅವನು ಟೆಂಪೋವನ್ನು ದೂರ ನಿಲ್ಲಿಸಿದ. ಹೆಂಗಸರೂ ದೂರ ಹೋದರು. ನಾನು ರಜೆ ಹಾಕಿ ಮನೆಯಲ್ಲಿದ್ದ ಒಂದು ದಿನವಂತೂ ಕಿಟಕಿಯಿಂದಲೇ ಕೇಳಿಸಿತು: "ಸೇಠ್, ನೆಳ್ಳು ಸರದದ. ಥೋಡಾ ರಿವರ್ಸ್ ಲೇವ್ ನಾ!" ಪಾಪ, ದತ್ತೂ ಸೇಠ್ ನಿಜಕ್ಕೂ ರಿವರ್ಸ್ ತೆಗೆದುಕೊಂಡ. ನಾನು ನಕ್ಕ ನಗುವಿಗೆ ಪಕ್ಕದ ಮನೆಯವರು ಬಾಗಿಲು ಬಡಿದರು. ಆ ವಾರ ಮುಗಿಯುವುದರೊಳಗೆ ಹೊಲದ ಮೂಲೆಯಲ್ಲಿ ನಾಲ್ಕು ಬಿದಿರು ಎದ್ದು, ಮೇಲೆ ಹಸಿರು ಜಾಳಿಗೆಯ ಛಪ್ಪರ ಬಂತು. ಕೆಳಗೆ ಕುಡಿಯುವ ನೀರಿನ ಒಂದು ಕೊಡವೂ ಬಂತು. ಟೆಂಪೋ ಸಮಯಕ್ಕೆ ಸರಿಯಾಗಿ ಹೊರಡತೊಡಗಿತು.

ಆದರೆ ಖಾಸಿಂಬಿಯ ಹೊಟ್ಟೆಯೊಳಗಿನ ಉರಿ ಬೇರೆಯದೇ ಇತ್ತು. ಅಲ್ಲಿ ಗಂಡಾಳುಗಳಿಗೆ ಒಂದು ಕೂಲಿ, ಹೆಣ್ಣಾಳುಗಳಿಗೆ ಹೆಚ್ಚೂಕಡಿಮೆ ಅದರ ಅರ್ಧ. ಬೆಳಿಗ್ಗೆ ಬರುವುದು ಒಟ್ಟಿಗೆ, ಸಂಜೆ ಹೋಗುವುದು ಒಟ್ಟಿಗೆ. ಗಂಡಸರು ಮಡಿ ಅಗೆಯುವುದು, ನೀರು ಬಿಡುವುದು, ಟೆಂಪೋಗೆ ಹೊರುವುದು. ಹೆಂಗಸರು ಕಳೆ ಕೀಳುವುದು, ಕೊಯ್ಯುವುದು, ತೊಳೆಯುವುದು, ಕಟ್ಟುವುದು.

"ಮರದ್ ಲೋಗ್ ಭಾರೀ ಕಾಮ್ ಕರತೇ ಹೈ" ಗಂಡಸರದು ಭಾರದ ಕೆಲಸ ಎಂದು ಸೇಠ್ ಹೇಳುತ್ತಿದ್ದನಂತೆ.

"ಭಾರ ಎತ್ತಾದು ಒಂದ್ ತಾಸು ಅಕ್ಕಾರ. ಬಗ್ಗಾದು ದಿನಾ ಪೂರ್ತಿ" ಎಂದು ಖಾಸಿಂಬಿ ನನಗೆ ಹೇಳಿದಳು. ತಮಾಷೆ ಇರಲಿಲ್ಲ ಆ ದನಿಯಲ್ಲಿ. "ನನ್ನ ಸೊಂಟಕ್ಕ ನಾ ಹೆಂಗಸು ಅಂತ ಅರ್ಧಾ ನೋಯಂಗಿಲ್ಲ ನೋಡ್ರಿ. ಪೂರಾನೇ ನೋಯ್ತದ."

ನಾನು ಓದಿದವಳ ಬುದ್ಧಿ ತೋರಿಸಲು ಹೋಗಿ, ಅರ್ಜಿ ಕೊಡೋಣ, ಆಫೀಸಿಗೆ ಹೋಗೋಣ, ಕಾನೂನು ಇದೆ ಎಂದೆಲ್ಲ ಹೇಳಿದೆ. ಆಕೆ ಸಮಾಧಾನವಾಗಿ ಕೇಳಿಸಿಕೊಂಡು, "ಕೊಡೂಣಂತ್ರಿ. ಮದಲ ಎಳ್ಳಮಾಸಿ ಬರ್ಲಿ" ಅಂದಳು.

ಎಳ್ಳಮಾವಾಸ್ಯೆ ನಮ್ಮ ಮೈಸೂರು ಕಡೆ ಅಷ್ಟೇನೂ ಗೊತ್ತಿಲ್ಲದ ಹಬ್ಬ. ಉತ್ತರ ಕರ್ನಾಟಕದಲ್ಲಿ ಆ ದಿನ ಎಲ್ಲರೂ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಪೂಜೆ ಮಾಡಿ, ತಂದ ಅಡುಗೆಯನ್ನು ಬೆಳೆಯ ಮೇಲೆ ಚರಗ ಚೆಲ್ಲಿ, ಅಲ್ಲೇ ಸಾಲಾಗಿ ಕೂತು ಉಣ್ಣುತ್ತಾರೆ. ಆ ದಿನ ಹೊಲದಿಂದ ಯಾರೂ ಹಸಿದು ಏಳಬಾರದು. ಎದ್ದರೆ ಬೆಳೆ ಕೈಗೆ ಹತ್ತುವುದಿಲ್ಲ ಎಂಬ ನಂಬಿಕೆ. "ನಿಮ್ಮಲ್ಲೂ ಮಾಡ್ತೀರಾ?" ಎಂದು ನಾನು ಪೆದ್ದಾಗಿ ಕೇಳಿದೆ.

"ಹೊಲಾ ಮಾಡಾವರು ಎಲ್ಲಾರೂ ಮಾಡ್ತಾರ್ರಿ. ನಮ್ಮಪ್ಪ ಮುಂಜಾನಿ ನಮಾಜು ಮಾಡಿ, ಮಧ್ಯಾಹ್ನ ಚರಗಾ ಚೆಲ್ಲತಿದ್ದ. ನಮ್ಮ ಸೇಠನ ಲಾತೂರ್ ಕಡೀನೂ ಅದ ಇದು. ವೇಳ ಅಮಾವಾಸ್ಯಾ ಅಂತಾರ. ಅವರವ್ವ ಕಣ್ಣ ಆಪರೇಶನ್‌ಗಂತ ಊರಿಂದ ಬಂದಾಳ. ಆಯೀನ್ನ ನಾನs ಹೋಗಿ ಕರದು ಬಂದೀನಿ." ಆಕೆಯ ಕಣ್ಣಿನಲ್ಲಿ ಏನೋ ಹೊಳೆಯಿತು. "ನೀವೂ ಬರ್ರಿ. ಸಾಹೇಬ್ರನ್ನೂ ಕರಕೊಂಡ್ ಬರ್ರಿ."

ಹೋದೆವು. ಆಹಾ, ಏನು ಅಡುಗೆ! ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ. ಹೆಣ್ಣಾಳುಗಳೆಲ್ಲ ಹಂಚಿಕೊಂಡು ತಮ್ಮ ತಮ್ಮ ವಠಾರದಂಥ ಚಾಲ್‌ಗಳಲ್ಲಿ ಮಾಡಿ ತಂದಿದ್ದರು. ದತ್ತೂ ಸೇಠ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ತೆಂಗಿನಕಾಯಿ ಒಡೆದ. ಕಪ್ಪು ಕನ್ನಡಕ ಹಾಕಿಕೊಂಡ ಆಯಿ ಮಗನ ತೋಳು ಹಿಡಿದು ಮಡಿಗಳ ಸುತ್ತ ನಡೆದಳು. ಖಾಸಿಂಬಿ ಮುಂದೆ ಮುಂದೆ ಹೋಗುತ್ತ "ಹುಲಿಗ್ಯೋ... ಹುಲಿಗ್ಯೋ..." ಎಂದು ಕೂಗಿ ಚರಗ ಚೆಲ್ಲಿದಳು. ನಮ್ಮ ಬಿಲ್ಡಿಂಗಿನ ಕಿಟಕಿಗಳೆಲ್ಲ ತೆರೆದುಕೊಂಡವು.

ಊಟಕ್ಕೆ ಛಪ್ಪರದ ಕೆಳಗೆ ಎರಡು ಸಾಲು. ಒಂದು ಕಡೆ ಗಂಡಸರು, ಎದುರಿಗೆ ಹೆಂಗಸರು. ಬಡಿಸಿದವಳು ಖಾಸಿಂಬಿ. ಗಂಡಸರ ಸಾಲಿಗೆ ಒಬ್ಬೊಬ್ಬರಿಗೂ ಇಡೀ ರೊಟ್ಟಿ, ಇಡೀ ಬದನೆಕಾಯಿ, ಇಡೀ ಹೋಳಿಗೆ. ಆಮೇಲೆ ನಮ್ಮ ಸಾಲಿಗೆ ಬಂದಳು. ಒಂದು ರೊಟ್ಟಿ ತೆಗೆದು ಕಟಕ್ ಎಂದು ಮುರಿದು ಅರ್ಧ ಮೊದಲನೆಯವಳಿಗೆ, ಅರ್ಧ ಎರಡನೆಯವಳಿಗೆ. ಬದನೆಕಾಯಿ ಅರ್ಧ. ಹೋಳಿಗೆ ಅರ್ಧ. ಉಳಿದ ಹೆಂಗಸರು ತಲೆ ತಗ್ಗಿಸಿ ಕೂತಿದ್ದರು. ನಗು ತಡೆದುಕೊಂಡಿದ್ದರು ಎಂದು ನನಗೆ ಆಮೇಲೆ ತಿಳಿಯಿತು.

"ನನಗೂ ಅರ್ಧವಾ ಖಾಸಿಂಬಿ?" ಅಂದೆ.

"ನೀವು ಹೆಂಗಸರಲ್ಲೇನ್ರಿ?" ಅಂದು ಮುಂದೆ ಹೋದಳು. ಎದುರಿಗೆ ನಮ್ಮೆಜಮಾನರು ತಲೆ ಎತ್ತದೆ ತಮ್ಮ ಇಡೀ ರೊಟ್ಟಿಯ ಕಡೆ ಗಮನ ಕೊಟ್ಟಿದ್ದರು. ಆ ಇಡೀ ರೊಟ್ಟಿಯ ಮಾತು ಇವತ್ತಿಗೂ ನಮ್ಮ ಮನೆಯಲ್ಲಿ ಮುಗಿದಿಲ್ಲ.

ಸಾಲಿನ ಕೊನೆಗೆ ಆಯಿ. ಆಕೆಯ ತಟ್ಟೆಗೂ ಅರ್ಧ ರೊಟ್ಟಿ ಬಿತ್ತು. ಆಯಿ ಕೈಯಿಂದ ತಡವಿ ನೋಡಿದಳು, ಕನ್ನಡಕ ಎತ್ತಿ ನೋಡಿದಳು.

"ಕಾಯ್ ಗಂ, ಭಾಕರೀ ಸಂಪಲೀ ಕಾ?" ರೊಟ್ಟಿ ಮುಗಿದುಹೋಯಿತೇನೇ ಎಂದು ಕೇಳಿದಳು.

"ರೊಟ್ಟಿ ಬುಟ್ಟಿ ತುಂಬ ಅದಾವ ಆಯಿ" ಎಂದು ಖಾಸಿಂಬಿ ಬುಟ್ಟಿ ಬಗ್ಗಿಸಿ ತೋರಿಸಿದಳು. ಆಮೇಲೆ ಎಲ್ಲರಿಗೂ ತಿಳಿಯಲಿ ಎಂದು ಹಿಂದಿಗೆ ಹೊರಳಿದಳು. "ಇಸ್ ಖೇತ್ ಮೇಂ ಔರತ್ ಕಾ ರೇಟ್ ಆಧಾ ಹೈ. ಹಮ್ ಸಬ್ ಕಾ ಆಧಾ, ತೋ ಆಪ್ ಕಾ ಭೀ ಆಧಾ. ಹೆಂಗಸಂದ್ರ ಅರ್ಧಾ, ನಾನೇನ್ ಮಾಡ್ಲಿ? ಸೇಠನ ಕಾನೂನು."

ಆಯಿ ಮಗನ ಕಡೆ ಮುಖ ತಿರುಗಿಸಿದಳು. "ದತ್ತೂ, ಹೇ ಖರಂ ಆಹೇ ಕಾ?" ಇದು ನಿಜವೇನೋ ಎಂದು ಮೆಲ್ಲಗೆ ಕೇಳಿದಳು.

ದತ್ತೂ ಸೇಠ್ ತುತ್ತು ನುಂಗಲಾರದೆ, ಎಲ್ಲ ಕಡೆಯೂ ಹೀಗೇ ಇದೆ ಆಯಿ, ನಾನೊಬ್ಬನೇ ಅಲ್ಲ ಎಂದು ಏನೇನೋ ಹೇಳಿದ. ಆಯಿ ತಟ್ಟೆಯನ್ನು ಮುಂದಕ್ಕೆ ಸರಿಸಿಬಿಟ್ಟಳು. ನಿನ್ನನ್ನು ಬೆನ್ನಿಗೆ ಕಟ್ಟಿಕೊಂಡು ಮಂದಿಯ ಹೊಲದಲ್ಲಿ ಕಳೆ ಕಿತ್ತಿದ್ದೇನೆ, ಆಗ ನನಗೂ ಅರ್ಧವೇ ಕೊಟ್ಟರು, ಆ ಅರ್ಧದಲ್ಲೇ ನೀನು ಬೆಳೆದದ್ದು ಎಂದು ಮರಾಠಿಯಲ್ಲಿ ಹೇಳಿದಳು. ಖಾಸಿಂಬಿಗೂ ಇದು ಗೊತ್ತಿರಲಿಲ್ಲ. ಬುಟ್ಟಿ ಹಿಡಿದುಕೊಂಡು ನಿಂತಲ್ಲೇ ನಿಂತಳು. ಆಯಿ ನೆಲಕ್ಕೆ ಕೈ ಊರಿ ಏಳಲು ಹೊರಟಳು.

ವೇಳ ಅಮಾವಾಸ್ಯೆಯ ದಿನ ಹೆತ್ತ ತಾಯಿ ತನ್ನ ಹೊಲದಿಂದ ಹಸಿದು ಏಳುವುದೆಂದರೆ ಏನೆಂದು ಲಾತೂರಿನವನಿಗೆ ಹೇಳಿಕೊಡಬೇಕೇ? ಅವನೇ ಎಂಜಲು ಕೈಯಲ್ಲೇ ಎದ್ದು ಓಡಿ ಬಂದ. "ಬಸ್ ಆಯಿ, ಬಸ್. ಸೋಮವಾರ್ ಸೇ ಸಬ್ ಕಾ ಏಕ್ ರೇಟ್."

"ಸೋಮವಾರ ಯಾಕ್ರಿ ಸೇಠ್?" ಖಾಸಿಂಬಿಗೆ ದನಿ ವಾಪಸು ಬಂದಿತ್ತು. "ಆಯಿಗಿ ಹಸಿವು ಈಗ ಆಗ್ಯದ."

"ಆಜ್ ಸೇ! ಆಜ್ ಸೇ ಮೇರೀ ಮಾ!" ಎಂದು ಅವನು ಕೈ ಮುಗಿದ.

ಖಾಸಿಂಬಿ ಬುಟ್ಟಿಯಿಂದ ಇಡೀ ರೊಟ್ಟಿ ತೆಗೆದು ಮೊದಲು ಆಯಿಗೆ ಹಾಕಿದಳು. ಆಮೇಲೆ ಸಾಲು ಉದ್ದಕ್ಕೂ ಇಡೀ ರೊಟ್ಟಿಗಳು ಬಂದವು. ಆಳುಗಳಲ್ಲೊಬ್ಬ ಗಂಡಸು ಗೊಣಗಿದಾಗ, "ನಿನ್ನ ತಟ್ಟಿ ಒಳಗಿಂದು ಏನರೆ ತಗೊಂಡೀವೇನಪಾ? ಉಣ್ಣು ಸುಮ್ನ" ಅಂದಳು. ಆವತ್ತು ಆಯಿ ಮೂರು ರೊಟ್ಟಿ ಉಂಡು, ಖಾಸಿಂಬಿಯ ಕೆನ್ನೆ ಹಿಂಡಿ ಹೋದಳು. ಕೂಲಿಯೂ ಅಂದಿನಿಂದ ಒಂದೇ ಆಯಿತು. ನನ್ನ ಅರ್ಜಿ ಬರೆಯುವ ಕೆಲಸ ತಪ್ಪಿತು.

ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಹೊಲದ ಸುತ್ತ ತಗಡಿನ ಬೇಲಿ ಬಂತು. ಜಾಗದ ಮಾಲೀಕರು ಬೇರೆ ಯಾರೋ. ದತ್ತೂ ಸೇಠನ ಗುತ್ತಿಗೆ ಮುಗಿದಿತ್ತು. ಖಾಸಿಂಬಿ ಕಿಂಡಿಗೆ ಬಂದು ಕೊನೆಯ ಮೆಂತ್ಯದ ಕಟ್ಟು ಕೊಟ್ಟಳು. ದುಡ್ಡು ಕೊಡಹೋದರೆ ಕೈ ತಳ್ಳಿದಳು.

"ಕಲ್ಯಾಣದ ಆಚೀಕ ಒಬ್ಬ ಸೇಠನ ತೋಟ ಅದ ಅಂತ. ಭೆಂಡಿ, ಹೀರಿ. ಎಲ್ಲಾರೂ ಅಲ್ಲೇ ಹೊಂಟೀವಿ."

"ಕೂಲಿ?"

"ಅಲ್ಲೂ ಹೆಂಗಸರಿಗೆ ಅರ್ಧಾನ ಅಂತ."

"ಮತ್ತೇನು ಮಾಡ್ತೀರಿ?"

"ಎಳ್ಳಮಾಸಿ ಬರ್ತದಲ್ರಿ. ಅವಂಗೂ ಒಬ್ಬಾಕಿ ಅವ್ವ ಇದ್ದs ಇರ್ತಾಳ."

ನಾನು ನಗುತ್ತಲೇ ಅತ್ತೆ. ಅನು ಓಡಿ ಬಂದು, "ಆಂಟಿ, ನೀವು ಹೋಗಬೇಡಿ ಇದೆ" ಅಂದಳು. ಆ ವಾಕ್ಯ ಕೇಳಿ ಖಾಸಿಂಬಿಯೂ ಅತ್ತಳು, ನಕ್ಕಳು. ಮುಂದಿನ ತಿಂಗಳು ಕಿಂಡಿಗೆ ಸಿಮೆಂಟು ಬಿತ್ತು. ಈಗ ಸೊಪ್ಪು ಮಾರ್ಕೆಟ್ಟಿನಿಂದ ಬರುತ್ತದೆ, ರಬ್ಬರ್ ಬ್ಯಾಂಡ್ ಹಾಕಿಕೊಂಡು. ಕಿಟಕಿಯ ಹತ್ತಿರ ನಿಂತರೆ ಹಾಲು ಉಕ್ಕುವುದೂ ಇಲ್ಲ.

ಈ ಸಲ ಎಳ್ಳಮಾವಾಸ್ಯೆ ಕಳೆದ ಮೇಲೆ ಒಂದು ಬೆಳಿಗ್ಗೆ ಮುಲುಂಡ್ ಸ್ಟೇಶನ್ನಿನಲ್ಲಿ ಆಫೀಸಿನ ಲೋಕಲ್‌ಗೆ ಕಾಯುತ್ತಿದ್ದೆ. ಎದುರು ಹಳಿಗೆ ಕಲ್ಯಾಣದ ಲೋಕಲ್ ಬಂದು ನಿಂತಿತು. ಹೆಂಗಸರ ಡಬ್ಬಿಯ ಕಿಟಕಿಯಲ್ಲಿ ಗಂಡಸರ ಶರ್ಟು ಹಾಕಿದ ಒಬ್ಬ ಹೆಂಗಸು. ತೊಡೆಯ ಮೇಲೆ ಬುತ್ತಿಯ ಗಂಟು, ಪಕ್ಕದಲ್ಲಿ ಆ ಕಪ್ಪು ಕೊಡೆ!

"ಖಾಸಿಂಬೀ!" ನಾನು ಮರ್ಯಾದೆ ಬಿಟ್ಟು ಕಿರುಚಿದೆ. "ಅಮಾಸಿ ಆಯ್ತಾ? ಸೇಠ್ ಏನಂದ?"

ಆಕೆ ನನ್ನನ್ನು ಕಂಡು ಮುಖವೆಲ್ಲ ನಗುವಾದಳು. ಏನೋ ಕೂಗಿದಳು, ನಡುವೆ ಬಂದ ಅನೌನ್ಸ್‌ಮೆಂಟಿನಲ್ಲಿ ಒಂದಕ್ಷರ ಕೇಳಿಸಲಿಲ್ಲ. ಗಾಡಿ ಹೊರಟಿತು. ಆಕೆ ಗಡಬಡಿಸಿ ಗಂಟು ಬಿಚ್ಚಿದಳು, ಒಳಗೆ ಕೈ ಹಾಕಿದಳು, ಒಂದು ಸಜ್ಜೆ ರೊಟ್ಟಿ ಹೊರಗೆ ತೆಗೆದು ಕಿಟಕಿಯ ಸರಳಿಗೆ ಒತ್ತಿ ಹಿಡಿದಳು. ಎಲ್ಲೂ ಮುರಿಯದ, ಇಡೀ ರೊಟ್ಟಿ. ಗಾಡಿ ತಿರುವು ದಾಟುವ ತನಕ ಹಾಗೇ ಹಿಡಿದಿದ್ದಳು. ಆಮೇಲೆ ನಾನು ಆಕೆಯನ್ನು ನೋಡಿಲ್ಲ.

ಪಕ್ಕದಲ್ಲಿ ನಿಂತಿದ್ದ ಹುಡುಗಿ ಕಿವಿಯ ಇಯರ್‌ಫೋನ್ ತೆಗೆದು, ಆಕೆ ಏನು ಮಾರುತ್ತಿದ್ದಳು ಎಂದು ಕೇಳಿದಳು: "ಆಂಟಿ, ಕ್ಯಾ ಬೇಚ್ ರಹೀ ಥೀ ವೋ?"

ನಾನು ಕಣ್ಣೊರೆಸಿಕೊಂಡು ಹೇಳಿದೆ: "ಬೇಚ್ ನಹೀಂ ರಹೀ ಥೀ ಬೇಟಾ. ಪೂರಾ ಮಿಲಾ, ಬತಾ ರಹೀ ಥೀ."