ಮಹದೇವಿಯ ಹರಳು

ಅದು ಉಪ್ಪಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಉಪ್ಪೆಂದೆ. ಆ ಒಂದು ಸುಳ್ಳಿನ ಮೇಲೆ ನನ್ನ ಡಾಕ್ಟರೇಟು, ನನ್ನ ಕೆಲಸ, ಮಂಡ್ಯದ ಮನೆ — ಎಲ್ಲವೂ ನಿಂತಿವೆ.

ಮಹದೇವಿ ನಮ್ಮೂರು ಪೂರಿಗಾಲಿಯವಳೇ. ಅವಳ ತಾಯಿ ಕೆಂಪಮ್ಮ ನಮ್ಮ ಗದ್ದೆಗೆ ನಾಟಿ ಹಾಕಲು ಬರುತ್ತಿದ್ದಳು. ಮಗಳು ಓದಿ ಓದಿ, ನಾನು ಸಂಶೋಧನೆ ಮಾಡುತ್ತಿದ್ದ ಮಂಡ್ಯದ ಲ್ಯಾಬಿಗೇ ಬಂದು ಪಕ್ಕದ ಮೇಜಿನಲ್ಲಿ ಕೂತಳು. ಅಲ್ಲಿಯೂ ನನ್ನನ್ನು ಅಕ್ಕೋರೆ ಎಂದೇ ಕರೆಯುತ್ತಿದ್ದಳು. ನಾನು ಬೇಡವೆನ್ನಲಿಲ್ಲ — ಹಿತವಾಗಿತ್ತು.

ಕೆಲವು ಬ್ಯಾಕ್ಟೀರಿಯಾಗಳು ಒಂದು ಕಿಣ್ವವನ್ನು ತಯಾರಿಸಿಕೊಂಡು, ನಾವು ನುಂಗಿದ ಆ್ಯಂಟಿಬಯೋಟಿಕ್ಕನ್ನು ಕತ್ತರಿಸಿ ಹಾಕುತ್ತವೆ. ಕಿಣ್ವ ಅದನ್ನು ಎಲ್ಲಿ ಹಿಡಿಯುತ್ತದೆ, ಹೇಗೆ ತುಂಡರಿಸುತ್ತದೆ ಎಂದು ತಿಳಿಯಬೇಕಾದರೆ ಆ ಕಿಣ್ವವನ್ನೇ ಹರಳುಗಟ್ಟಿಸಿ ಎಕ್ಸ್-ರೇ ಹಾಯಿಸಬೇಕು. ಹರಳು ಸುಲಭಕ್ಕೆ ಕಟ್ಟುವುದಿಲ್ಲ. ಇಬ್ಬರೂ ಎರಡು ವರ್ಷ ಹೆಣಗಿದೆವು, ಬೇರೆ ಬೇರೆಯಾಗಿ. ಕಟ್ಟಿದ್ದು ಅವಳಿಗೆ.

ಒಂದು ಬೆಳಿಗ್ಗೆ, ಕಿಣ್ವದ ದ್ರಾವಣವನ್ನು ಹನಿಹನಿಯಾಗಿ ಇಟ್ಟಿದ್ದ ತಟ್ಟೆ ಹಿಡಿದು ಓಡಿ ಬಂದಳು. ಹನಿಯೊಳಗೆ ಐದಾರು ಹರಳು. ಹನಿಯಲ್ಲಿ ಬೆರೆಸಿದ ಉಪ್ಪೂ ಹೀಗೇ ಹರಳಾಗಿ ಮೋಸ ಮಾಡುವುದುಂಟು. ಅದಕ್ಕೇ ಸೂಜಿಯಿಂದ ಒಂದನ್ನು ಒತ್ತಿ ನೋಡುವುದು ನಮ್ಮ ರೂಢಿ. ಉಪ್ಪಾದರೆ ಕಟ್ ಎಂದು ಮುರಿಯುತ್ತದೆ, ಕಿಣ್ವವಾದರೆ ಮೆತ್ತಗೆ ಪುಡಿಯಾಗುತ್ತದೆ. ತಾನೇ ಒತ್ತಲು ಅವಳಿಗೆ ಧೈರ್ಯವಾಗಲಿಲ್ಲ. ಸೂಜಿಯನ್ನು ನನಗೆ ಕೊಟ್ಟಳು. ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ಒತ್ತಿದೆ. ಸದ್ದಿಲ್ಲ — ಬೆಂದ ಬೇಳೆಯಂತೆ ಕುಸಿಯಿತು. ನಮ್ಮ ಗದ್ದೆಯ ಆಳಿನ ಮಗಳಿಗೆ ಸಿಕ್ಕಿದ್ದು ನನಗೇಕೆ —

“ಕಟ್ ಅಂತು. ಉಪ್ಪು ಕಣೇ. ಕೇಳಿಸ್ಲಿಲ್ವಾ ನಿಂಗೆ?”

ಅವಳು ನನ್ನ ಮುಖ ನೋಡಿದಳು. “ಕೇಳುಸ್ತು ಅಕ್ಕೋರೆ.”

ಆಗದ ಸದ್ದನ್ನು ಕೇಳಿಸಿಕೊಂಡಳು. ನಮ್ಮ ಮನೆಯವರ ಮಾತಿಗೆ ಇಲ್ಲವೆಂದು ಅವರ ಮನೆಯಲ್ಲಿ ಯಾರೂ ಅಂದವರಲ್ಲ. ಅದು ತಿಳಿದೇ ಹಾಗೆ ಕೇಳಿದ್ದೆ. ಎಸೆಯುತ್ತೇನೆಂದು ತಟ್ಟೆ ಇಸಿದುಕೊಂಡೆ. ಉಳಿದ ಹರಳುಗಳನ್ನು, ನನ್ನ ತಟ್ಟೆಯಲ್ಲಿ ಕಟ್ಟಿದವೆಂದು ಹೇಳಿ ಎಕ್ಸ್-ರೇಗೆ ಕಳಿಸಿದೆ. ಅಷ್ಟಕ್ಕೇ ಬಿಡಬಹುದಿತ್ತು — ಬಿಡಲಿಲ್ಲ. ಉಪ್ಪನ್ನೂ ಗುರುತಿಸಲಾರದವಳೆಂದು ಎಲ್ಲರೆದುರು ಆಡಿಕೊಂಡು ನಗಿಸಿದೆ. ಅವಳೂ ನಕ್ಕಳು. ವರ್ಷ ತುಂಬುವುದರೊಳಗೆ ಓದು ಬಿಟ್ಟಳು.

ಏಳು ವರ್ಷವಾಯಿತು. ಈಗ ಭಾರತೀನಗರದ ಒಂದು ಔಷಧಿ ಅಂಗಡಿಯಲ್ಲಿ ಮಾತ್ರೆ ಕೊಡುತ್ತಾಳೆ. ಹೋದ ವಾರ ನಿಜವನ್ನೆಲ್ಲ ಬರೆದು, ನನ್ನ ಸಂಶೋಧನೆ ಅಚ್ಚಾಗಿದ್ದ ಪತ್ರಿಕೆಗೆ ಕಳಿಸಿದೆ. ಅದರ ಪ್ರತಿ ಹಿಡಿದು ಅಂಗಡಿಗೆ ಹೋದೆ. ಕೆಂಪಮ್ಮನೂ ಅಲ್ಲೇ ಬೆಂಚಿನ ಮೇಲೆ ಕೂತಿದ್ದಳು. ಇಬ್ಬರಿಗೂ ಕೇಳುವಂತೆ ಎಲ್ಲವನ್ನೂ ಹೇಳಿದೆ. ಕ್ಷಮಿಸು ಎಂದು ಕೇಳಲು ಬಾಯಿ ಬರಲಿಲ್ಲ — ಬರಬಾರದು ಕೂಡ.

ಕೆಂಪಮ್ಮ ನನ್ನ ಕಡೆ ನೋಡಲಿಲ್ಲ, ಮಗಳ ಕಡೆ ನೋಡಿದಳು. “ದಡ್ಡ್ ಮುಂಡೇದು, ಓದು ತಲೆಗ್ ಅತ್ನಿಲ್ಲ ಅಂತ ಏಳೊರ್ಸದಿಂದ ನಾನೇ ಬಯ್ಕೊಂಡ್ ಬಂದ್ನಲ್ಲವ್ವ.”

ಮಹದೇವಿ ಕಾಗದವನ್ನು ಕೊನೆಯವರೆಗೂ ಓದಿದಳು. ಮಡಚಿ ನನ್ನ ಕೈಗೇ ಕೊಟ್ಟಳು. ನನ್ನ ಹಿಂದೆ ಯಾರೋ ಡಾಕ್ಟರ ಚೀಟಿ ಹಿಡಿದು ನಿಂತಿದ್ದರು.

“ಗಿರಾಕಿ ನಿಂತವ್ರೆ,” ಎಂದಳು. “ಜರುಗು.”

ಜರುಗಿದೆ.