ಜಾರಿದ ಚುಕ್ಕೆ

ಮೇಲೆ ನಾಲ್ಕು ಚುಕ್ಕೆ ಒಂದೇ ಸಾಲಿನಲ್ಲಿದ್ದವು. ಐದನೆಯದು ಬಾಲ ಎಳೆದುಕೊಂಡು ಕೆಳಗೆ ಜಾರಿತ್ತು. ಆಳಂದದ ಹೆಣ್ಣುಮಕ್ಕಳ ಶಾಲೆಯ ಹೊರಗೋಡೆಯ ಮೇಲೆ ಯಾರೋ ಮಸಿಯಿಂದ ಬರೆದಿದ್ದರು.

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ನಂಬುತ್ತಿರಲಿಲ್ಲ. ನಂಬಿದಂತೆ ತಲೆದೂಗುತ್ತಲೂ ಇರಲಿಲ್ಲ. ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ಶಾಲೆಗಳ ತಪಾಸಣೆಯ ಕೆಲಸಕ್ಕೆ ಸೇರಿದ ಹೊಸತು ಅದು. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಹೆಣ್ಣೊಬ್ಬಳೇ ಊರೂರು ತಿರುಗಬಾರದೆಂದು ಅಪ್ಪ ಚಿಗವ್ವನನ್ನು ಜೊತೆಗೆ ಕಳಿಸಿದ್ದರು. ಅವಳು ನನ್ನ ಅವ್ವನ ತಂಗಿ. ಅವ್ವ ತೀರಿಕೊಂಡ ಮೇಲೆ ಅಪ್ಪನನ್ನು ಮದುವೆಯಾಗಿ ನನ್ನನ್ನು ಬೆಳೆಸಿದವಳು.

ಅವ್ವ ತೀರಿಕೊಂಡಳೆಂದು ನಮಗೆ ಹೇಳಿದ್ದರು, ಅಷ್ಟೇ. ಪ್ಲೇಗಿಗೆ ಹೆದರಿ ಊರೆಲ್ಲ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ ಜ್ವರ ಬಂದ ಅವಳನ್ನು ಬಂಡಿಯಲ್ಲಿ ಬೇರೆ ಕಡೆ ಒಯ್ದರು. ಆಮೇಲೆ ಸುದ್ದಿ ಬಂತು. ಹೆಣವನ್ನು ಮನೆಯವರು ಯಾರೂ ನೋಡಲಿಲ್ಲ. ನನಗೆ ಅವ್ವನ ಮುಖ ನೆನಪಿಲ್ಲ. ಎಡಗೈಯ ಐದು ಚುಕ್ಕೆಯ ಹಚ್ಚೆ ಮಾತ್ರ ನೆನಪಿದೆ. ಹಚ್ಚೆ ಹಾಕಿಸುವಾಗ ಸೂಜಿ ಕಂಡು ಪಕ್ಕದಲ್ಲಿದ್ದ ಚಿಗವ್ವ ಚೀರಿದಳಂತೆ; ಅವ್ವ ಬೆಚ್ಚಿ ಕೈ ಎಳೆದುಕೊಂಡಳಂತೆ; ಕೊನೆಯ ಚುಕ್ಕೆ ಜಾರಿತಂತೆ.

ಆಳಂದದಲ್ಲಿ ಕಂಡದ್ದನ್ನು ಮಕ್ಕಳ ಆಟವೆಂದು ಬಿಟ್ಟೆ. ಅಫಜಲಪುರದಲ್ಲಿ ಚಾವಡಿಯ ಗೋಡೆಯ ಮೇಲೆ ಅದೇ ಗುರುತು, ಅದೇ ಬಾಲ. ನಾನು ಅಲ್ಲೇ ನಿಂತುಬಿಟ್ಟೆ.

"ಬಿ.ಎ. ಓದಿದಾಕಿ ಹಾಳ ಗ್ವಾಡಿ ನೋಡಕೋತ ನಿಂತಾಳ. ಮುಂದ ನಡೀ ಬೇ," ಎಂದು ಚಿಗವ್ವ ನಕ್ಕಳು. ಅವಳು ಗೋಡೆಯತ್ತ ನೋಡಿರಲಿಲ್ಲ. ನಾನೂ ತೋರಿಸಲಿಲ್ಲ.

ಜೇವರ್ಗಿಯಲ್ಲಿ ನಮಗೆ ಮುಸಾಫಿರಖಾನೆಯ ಒಂದು ಕೋಣೆ ಕೊಟ್ಟಿದ್ದರು. ಕೋಣೆಗೆ ಕೀಲಿ ಹಾಕಿ ಇಬ್ಬರೂ ಶಾಲೆಗೆ ಹೋದೆವು. ಕೀಲಿಕೈ ನನ್ನ ಸೆರಗಿನ ಗಂಟಿನಲ್ಲೇ ಇತ್ತು. ಮಧ್ಯಾಹ್ನ ಬಂದು ಬಾಗಿಲು ತೆಗೆದರೆ ನನ್ನ ಹಾಸಿಗೆಯ ಮೇಲಿನ ಸುಣ್ಣದ ಗೋಡೆಯಲ್ಲಿ ಐದು ಚುಕ್ಕೆ. ಮುಟ್ಟಿದೆ. ಬೆರಳಿಗೆ ಮಸಿ ಅಂಟಿತು. ಇನ್ನೂ ಒಣಗಿರಲಿಲ್ಲ.

ಕಿಟಕಿಯ ಸರಳುಗಳನ್ನು ಹಿಡಿದು ಅಲುಗಿಸಿ ನೋಡಿದೆ. ಚಿಗವ್ವ ಮಾತ್ರ ಗೋಡೆಯ ಹತ್ತಿರ ಹೋಗಿ, ಎದುರಿಗೆ ಮನುಷ್ಯರಿದ್ದಾರೇನೋ ಎಂಬಂತೆ ಸಣ್ಣ ದನಿಯಲ್ಲಿ ಮಾತಾಡಿದಳು.

"ಅಕ್ಕಾ, ಹುಡುಗಿನ್ನ ಅಂಜಸಬ್ಯಾಡ. ಏನರ ಕೇಳೂದಿದ್ರ ನನ್ನ ಕೇಳು."

ಆಮೇಲೆ ನನ್ನ ಕಡೆ ತಿರುಗಿದಳು. "ಆಕಿ ಜೀವಂತ ಇದ್ರ, ಇಷ್ಟ ವರ್ಷ ನಾ ಯಾರ ಬಾಳೇವು ಮಾಡಾಕತ್ತೇನಿ? ನಿಮ್ಮಪ್ಪಗ ಹೇಳಬ್ಯಾಡ." ಅವಳು ಸೆರಗು ತೋಯಿಸಿ ಗೋಡೆ ಒರೆಸಿದಳು.

ಕೀಲಿ ಮುರಿದಿರಲಿಲ್ಲ. ಕಿಟಕಿಯ ಸರಳುಗಳ ನಡುವೆ ಕೈ ಕೂಡ ತೂರುವಂತಿರಲಿಲ್ಲ. ಅಲ್ಲಿನ ಕಾವಲುಗಾರ ಯಾರನ್ನೂ ಕಂಡಿರಲಿಲ್ಲ. ಸತ್ತವಳು ಬಂದಳೆಂದು ಇವತ್ತಿಗೂ ನಾನು ಹೇಳಲಾರೆ. ಬದುಕಿದ್ದಳೆಂದರೆ ಯಾಕೆ ಮುಂದೆ ಬರಲಿಲ್ಲ ಎಂಬುದಕ್ಕೆ ಉತ್ತರವಿಲ್ಲ. ಮತ್ತೆಂದೂ, ಯಾವ ಊರಿನಲ್ಲೂ, ಆ ಗುರುತು ನನಗೆ ಕಾಣಿಸಿಲ್ಲ.

ಮರುದಿನ ಬೆಳಿಗ್ಗೆ ಊರಿಗೆ ಮರಳಲು ಭೀಮೆಯ ದಂಡೆಗೆ ಬಂದೆವು. ದೋಣಿ ಕಾಯುತ್ತಿತ್ತು. ಅಲ್ಲೇ ಹೆಂಗಸರು ಸಾಲಾಗಿ ಕುಳಿತು ಬಟ್ಟೆ ಒಗೆಯುತ್ತಿದ್ದರು. ಗುರುತಿಲ್ಲದವರನ್ನು ನಾನಾಗಿ ಮಾತಾಡಿಸಿದವಳಲ್ಲ. ಅವತ್ತು ನೀರಿನ ಅಂಚಿಗೆ ಇಳಿದು, ಒಬ್ಬೊಬ್ಬರ ಮುಂದೆಯೂ ನಿಂತು, ಎಡಗೈ ತೋರಿಸಿರೆಂದು ಕೇಳಿದೆ.

"ಬಳಿ ಮಾರಾಕ ಬಂದೀಯೇನ್ ಬೇ?" ಎಂದು ಒಬ್ಬಳು ನಕ್ಕಳು. ಆದರೂ ಒದ್ದೆ ಕೈ ಚಾಚಿದಳು.

ದೋಣಿಯವನು ಕೂಗಿದ. ಹಿಂದಿನಿಂದ ಚಿಗವ್ವ ಬಂದಳು. ನನ್ನನ್ನು ಎಳೆದೊಯ್ಯಲು ಬಂದಳೆಂದುಕೊಂಡೆ. ಅವಳು ನನ್ನನ್ನು ದಾಟಿ ಹೋಗಿ, ಸಾಲಿನ ಆ ತುದಿಯಿಂದ ಕೇಳತೊಡಗಿದಳು.